ಕೂತು ನೋಡೋರಿಗೆ ಈ ರೀಫ್ ಟ್ಯಾಂಕ್ ಹೇಗಿದೆ?

ಮೊದ್ಲೇ ಹೇಳ್ಬಿಡ್ತೀನಿ, ನನಗೆ ತುಂಬಾ ಇಷ್ಟ ಆಗಿದೆ, ತಗೊಳ್ಳೋ ಯೋಚನೆ ಇದ್ರೆ ಧೈರ್ಯವಾಗಿ ತಗೊಳ್ಳಿ. ಇದು ನೂರು ಲೀಟರ್ ಆಸುಪಾಸಿನ ಆಲ್-ಇನ್-ಒನ್ ರೀಫ್ ಟ್ಯಾಂಕ್, ಅಂದ್ರೆ ಹವಳ ಮೀನು ಸಾಕೋ ಉಪ್ಪುನೀರಿನ ಅಕ್ವೇರಿಯಂ. ಮುಂದೆ ಗಾಜು, ಹಿಂದೆ ಒಂದು ಕಪ್ಪು ಗೋಡೆ, ಆ ಗೋಡೆ ಹಿಂದಿನ ಖಾನೆಗಳಲ್ಲಿ ಪಂಪು ಹೀಟರು ಫಿಲ್ಟರು ಎಲ್ಲಾ ಅಡಗಿಸಿಟ್ಟಿರ್ತಾರೆ, ಮೇಲೆ ಒಂದು ಎಲ್‌ಇಡಿ ಲೈಟ್. ಕಂಪನಿ ಹೆಸರು ಹಾಕ್ತಿಲ್ಲ, ಯಾಕಂದ್ರೆ ಇದೇ ಅಳತೆ ಇದೇ ಡಿಸೈನಲ್ಲಿ ಸುಮಾರು ಜನ ಮಾಡ್ತಾರೆ, ನಾನು ಹೇಳೋದು ಹೆಚ್ಚುಕಮ್ಮಿ ಎಲ್ಲದಕ್ಕೂ ಅನ್ವಯಿಸತ್ತೆ. ನಾನು ಸೈನ್ಸ್ ಟೀಚರ್, ಟ್ಯಾಂಕ್ ಇರೋದು ನಮ್ಮ ಕ್ಲಾಸ್‌ರೂಮಲ್ಲಿ. ಬೇರೆ ರಿವ್ಯೂಗಳಲ್ಲಿ ಪಂಪ್ ಗಂಟೆಗೆ ಎಷ್ಟು ಲೀಟರ್ ತಳ್ಳತ್ತೆ, ಲೈಟ್ ಎಷ್ಟು ವ್ಯಾಟ್ಸ್, ನೊರೆ ಎಬ್ಬಿಸಿ ಕೊಳೆ ತೆಗೆಯೋ ಸ್ಕಿಮ್ಮರ್ ಕೂರತ್ತಾ ಇಲ್ವಾ ಅನ್ನೋದೇ ಜಾಸ್ತಿ ಇರತ್ತೆ, ಅವೂ ಬೇಕು ಸರಿ, ಆದ್ರೆ ರೀಫ್ ಟ್ಯಾಂಕ್ ಇಡೋದು ಯಾತಕ್ಕೆ, ನೋಡೋಕೆ ತಾನೆ? ಅದಕ್ಕೆ ಈ ರಿವ್ಯೂಲಿ ನನ್ನ ಪ್ರಶ್ನೆ ಒಂದೇ, ಮುಂದೆ ಕೂತೋರಿಗೆ ಇದು ಎಷ್ಟು ಚೆನ್ನಾಗಿ ತೋರಿಸತ್ತೆ.

ಗಾಜಿಂದ ಶುರು ಮಾಡ್ತೀನಿ. ಮಾಮೂಲಿ ಗಾಜಲ್ಲಿ ಕಬ್ಬಿಣದ ಅಂಶ ಇರತ್ತೆ, ದಪ್ಪ ಜಾಸ್ತಿ ಆದಷ್ಟೂ ಹಸಿರು ಛಾಯೆ ಬರತ್ತೆ, ಆ ಹಸಿರು ಮೊದ್ಲು ತಿನ್ನೋದು ಕೆಂಪು ಮತ್ತೆ ಗುಲಾಬಿ ಬಣ್ಣಗಳನ್ನ. ಇದರಲ್ಲಿ ಮುಂಭಾಗಕ್ಕೆ ಲೋ ಐರನ್ ಗಾಜು ಕೊಟ್ಟಿದ್ದಾರೆ, ಪಕ್ಕದ ಎರಡು ಗಾಜು ಮಾಮೂಲಿದು. ವ್ಯತ್ಯಾಸ ನೋಡ್ಬೇಕಾದ್ರೆ ಒಂದೇ ಹವಳನ ಮುಂದಿಂದ ನೋಡಿ, ಆಮೇಲೆ ಪಕ್ಕದಿಂದ ನೋಡಿ, ಬಂಡೆ ಮೇಲಿನ ನೇರಳೆ ಪದರ ಪಕ್ಕದಿಂದ ಸ್ವಲ್ಪ ಬೂದಿ ಹೊಡೆಯತ್ತೆ. ಮುಂದಿನ ಗಾಜು ಸಪಾಟಾಗಿದೆ, ಅದು ಬಹಳ ಮುಖ್ಯ, ಬಾಗಿಸಿದ ಗಾಜಿನ ಟ್ಯಾಂಕ್‌ಗಳು ಅಂಗಡೀಲಿ ಚೆಂದ ಕಾಣತ್ವೆ ಆದ್ರೆ ಮೀನು ಅಂಚಿಗೆ ಬಂದ ತಕ್ಷಣ ಎಳೆದಂಗೆ ಉದ್ದ ಆಗತ್ತೆ, ಸ್ವಲ್ಪ ಹೊತ್ತಿಗೇ ಕಣ್ಣು ಸುಸ್ತಾಗತ್ತೆ. ಇನ್ನೊಂದು ವಿಷಯ, ನೀರು ಬೆಳಕನ್ನ ಬಾಗಿಸೋದ್ರಿಂದ ಎದುರಿಂದ ನೋಡಿದ್ರೆ ಟ್ಯಾಂಕ್ ಆಳ ನಿಜವಾದ ಆಳದ ಮುಕ್ಕಾಲು ಭಾಗ ಮಾತ್ರ ಕಾಣತ್ತೆ, ಹಿಂದಿನ ಖಾನೆಗಳು ಬೇರೆ ಜಾಗ ತಿಂದಿರ್ತವೆ. ಹಾಗಾಗಿ ಬಂಡೆಗಳನ್ನ ಗೋಡೆಗೆ ಒರಗಿಸಿ ರಾಶಿ ಹಾಕಿದ್ರೆ ಎಲ್ಲಾ ಚಪ್ಪಟೆ. ನಾವು ಎರಡು ಗುಡ್ಡ ಬೇರೆ ಬೇರೆ ಮಾಡಿ ನಡುವೆ ಒಂದು ಓಣಿ ಬಿಟ್ಟಿದ್ದೀವಿ, ಒಂದು ಬಂಡೆ ಕೆಳಗೆ ಗವಿ ಥರ ಖಾಲಿ ಬಿಟ್ಟಿದ್ದೀವಿ, ಈಗ ನೋಡೋಕೆ ಆಳ ಇದೆ, ಮೀನು ಮರೆಯಾಗೋಕೆ ಜಾಗ ಇದೆ. ಮೀನು ಮರೆಯಾಗ್ಬೇಕು ಸ್ವಾಮಿ, ಮತ್ತೆ ಎಲ್ಲಿಂದ ಬರತ್ತೆ ಅಂತ ಕಾಯೋದ್ರಲ್ಲೇ ಅರ್ಧ ಸುಖ ಇರೋದು.

ಸ್ಟ್ಯಾಂಡ್ ಎತ್ತರ ಬಗ್ಗೆ ಯಾರೂ ಮಾತಾಡಲ್ಲ. ಜೊತೆಗೆ ಬರೋ ಸ್ಟ್ಯಾಂಡ್ ನಿಂತು ನೋಡೋರಿಗೆ ಅಂತ ಮಾಡಿರೋದು, ಕುರ್ಚಿ ಹಾಕ್ಕೊಂಡು ಕೂತ್ರೆ ಕಣ್ಣಿಗೆ ಮರಳಿನ ಮಟ್ಟ ಸಿಗತ್ತೆ, ಮೇಲಿನ ಹವಳ ನೋಡೋಕೆ ಕತ್ತು ಎತ್ತಬೇಕು. ಮಕ್ಕಳಿಗಂತೂ ಇನ್ನೂ ಕಷ್ಟ. ನಾವು ಗಟ್ಟಿಮುಟ್ಟಾದ ಒಂದು ತಗ್ಗು ಬೆಂಚ್ ಮಾಡಿಸಿ ಅದರ ಮೇಲೆ ಇಟ್ಟಿದ್ದೀವಿ, ಕೂತ ಮಗುವಿನ ಕಣ್ಣು ಟ್ಯಾಂಕ್ ನಡುಮಧ್ಯಕ್ಕೆ ಬರೋ ಹಾಗೆ. ನೂರು ಲೀಟರ್ ಉಪ್ಪುನೀರೇ ನೂರು ಕೆಜಿ ದಾಟತ್ತೆ, ಮೇಲೆ ಬಂಡೆ ಮರಳು ಗಾಜಿನ ತೂಕ, ಸಿಕ್ಕ ಸಿಕ್ಕ ಟೇಬಲ್ ಮೇಲೆಲ್ಲಾ ಇಡೋ ವಸ್ತು ಅಲ್ಲ ಇದು.

ಸದ್ದು. ಇಲ್ಲಿ ನನ್ನ ದೊಡ್ಡ ದೂರು. ಜೊತೆಗೆ ಬಂದ ಪಂಪ್ ಗುಯ್ ಅನ್ನತ್ತೆ, ಪಾಠದ ನಡುವೆ ಗೊತ್ತಾಗಲ್ಲ, ಆದ್ರೆ ರೂಮ್ ಖಾಲಿ ಇದ್ದಾಗ ಒಬ್ರೇ ಕೂತ್ರೆ ತಲೆ ತಿನ್ನತ್ತೆ. ಡಿಸಿ ಪಂಪ್ ಹಾಕಿದ ಮೇಲೆ ಆರಾಮ. ಇನ್ನೊಂದು ಸದ್ದು ಪಂಪಿನದ್ದಲ್ಲ, ನೀರು ಆವಿಯಾಗಿ ಹಿಂದಿನ ಕೊನೇ ಖಾನೆ ಮಟ್ಟ ಇಳಿದ್ರೆ ಪಂಪು ಗಾಳಿ ಎಳ್ಕೊಂಡು ಗೊರಗೊರ ಅನ್ನತ್ತೆ, ಟ್ಯಾಂಕ್ ತುಂಬಾ ಸಣ್ಣ ಸಣ್ಣ ಗುಳ್ಳೆ ಬಂದು ಏನೂ ಕಾಣದಂಗಾಗತ್ತೆ. ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯತ್ತೆ, ಅದಕ್ಕೆ ಮತ್ತೆ ತುಂಬಿಸ್ಬೇಕಾಗಿರೋದು ಶುದ್ಧವಾದ ಸಿಹಿನೀರು, ಉಪ್ಪುನೀರಲ್ಲ. ಕಮ್ಮಿಯಾದ ನೀರನ್ನ ತಾನಾಗೇ ತುಂಬೋ ಆಟೋ ಟಾಪ್ ಅಪ್ ಒಂದು ಹಾಕ್ಬಿಟ್ರೆ ಆ ಸದ್ದೂ ಇಲ್ಲ, ಉಪ್ಪಿನ ಪ್ರಮಾಣಾನೂ ಅಲುಗಾಡಲ್ಲ. ಪಂಪ್ ಬಗ್ಗೆ ಗೊಣಗೋವಾಗೆಲ್ಲಾ ನನಗೆ ಆನ್ನಾ ಥಿನ್ ನೆನಪಾಗ್ತಾರೆ. 1846ರಲ್ಲಿ ಲಂಡನ್ನಿಗೆ ಸಮುದ್ರದಿಂದ ಹವಳ ತಗೊಂಡು ಹೋಗಿ ಮನೇಲಿ ಬದುಕಿಸಿದ ಮಹಾತಾಯಿ, ಆಗ ಪಂಪ್ ಎಲ್ಲಿಂದ ಬರ್ಬೇಕು, ನೀರಿಗೆ ಗಾಳಿ ಸೇರ್ಲಿ ಅಂತ ಮನೆ ಕೆಲಸದ ಹುಡುಗಿ ದಿನಾ ಕಿಟಕಿ ಹತ್ರ ನಿಂತು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರು ಹೊಯ್ತಾ ಇರ್ತಿದ್ಳಂತೆ. ಆ ಹುಡುಗಿ ಹೆಸರು ಯಾರೂ ಬರೆದಿಟ್ಟಂಗೆ ಕಾಣಲ್ಲ, ಅದು ನನಗೆ ಯಾವಾಗ್ಲೂ ಬೇಜಾರು.

ಲೈಟ್ ಚೆನ್ನಾಗಿದೆ, ಅದರ ಆ್ಯಪ್ ಚೆನ್ನಾಗಿಲ್ಲ. ಕರೆಂಟ್ ಹೋಗಿ ಬಂದ್ರೆ ಟೈಮ್ ಮರೆತೋಗತ್ತೆ. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿ ಇರತ್ತೆ, ಅದು ಬೆಳಕಿಂದ ಊಟ ತಯಾರಿಸಿ ಹವಳಕ್ಕೂ ಕೊಡತ್ತೆ, ಆ ಪಾಚಿಗೆ ಬೇಕಾದ ನೀಲಿ ಬೆಳಕು ಈ ಲೈಟಲ್ಲಿ ಧಾರಾಳ ಇದೆ. ನೀಲಿ ಮಾತ್ರ ಆನ್ ಮಾಡಿದ್ರೆ ಹವಳಗಳು ಹಸಿರು ಕಿತ್ತಳೆ ಬಣ್ಣದಲ್ಲಿ ಧಗಧಗ ಹೊಳೆಯತ್ವೆ, ಅವುಗಳ ಮೈಲಿರೋ ಪ್ರೋಟೀನ್‌ಗಳು ನೀಲಿ ಬೆಳಕನ್ನ ಹೀರ್ಕೊಂಡು ಬೇರೆ ಬಣ್ಣದಲ್ಲಿ ವಾಪಸ್ ಬಿಡೋದ್ರಿಂದ ಹಾಗೆ. ಫೋಟೋಗೆ ಅದೇ ಎಲ್ಲರಿಗೂ ಇಷ್ಟ. ನನ್ನ ಅಭಿಪ್ರಾಯ ಬೇರೆ. ಕಡು ನೀಲಿ ಬೆಳಕಲ್ಲಿ ಹೊಳೆಯೋದು ಮಾತ್ರ ಕಾಣತ್ತೆ, ಹೊಳೆಯದೇ ಇರೋ ನೂರಾರು ಜೀವಿಗಳು ಕಪ್ಪಲ್ಲಿ ಮುಳುಗಿ ಹೋಗ್ತವೆ. ಮಧ್ಯಾಹ್ನ ಒಂದೆರಡು ಗಂಟೆ ಬಿಳಿ ಬೆಳಕು ಜಾಸ್ತಿ ಇಟ್ಟು ನೋಡಿ, ಮರಳಿನ ಒಂದೊಂದು ಕಣಾನೂ ಕಾಣತ್ತೆ, ಅದರ ಮೇಲೆ ಓಡಾಡೋ ಹುಳಾನೂ ಕಾಣತ್ತೆ.

ಈಗ ಅಸಲಿ ವಿಷಯಕ್ಕೆ ಬರ್ತೀನಿ, ಏನು ಕಾಣತ್ತೆ ಅಂತ.

ಬೆಳಗ್ಗೆ ಲೈಟ್ ನಿಧಾನಕ್ಕೆ ಏರೋ ಮೊದಲ ಒಂದು ಗಂಟೆ ಈ ಟ್ಯಾಂಕಿನ ಅತ್ಯುತ್ತಮ ಸಮಯ. ರಾತ್ರಿಯೆಲ್ಲಾ ಮುದುಡ್ಕೊಂಡಿದ್ದ, ಹವಳದ ಹತ್ತಿರದ ನೆಂಟರಾದ ಝೋವಾಂತಿಡ್‌ಗಳು ಒಂದೊಂದಾಗಿ ಬಾಯಿ ಬಿಡತ್ವೆ, ಎಲ್ಲಾ ಒಟ್ಟಿಗೆ ಅಲ್ಲ, ಬೆಳಕು ಮೊದ್ಲು ಬೀಳೋ ಕಡೆಯಿಂದ. ಟಾರ್ಚ್ ಹವಳ ತನ್ನ ಗಟ್ಟಿ ಎಲುಬಿನೊಳಗೆ ಹೆಚ್ಚುಕಮ್ಮಿ ಪೂರ್ತಿ ಎಳ್ಕೊಂಡಿದ್ದ ಮಾಂಸಾನ ನೀರು ತುಂಬ್ಕೊಂಡು ಹೊರಗೆ ಚಾಚತ್ತೆ, ಬೆಳಗ್ಗೆ ಬೆರಳುಗಾತ್ರ ಇದ್ದಿದ್ದು ಊಟದ ಹೊತ್ತಿಗೆ ಮುಷ್ಟಿಗಾತ್ರ. ನೋಡ್ತಾ ಇದ್ದಂಗೆ ಬೆಳೆಯೋದು ಕಾಣಲ್ಲ, ಕಣ್ಣು ಬೇರೆ ಕಡೆ ಹಾಯಿಸಿ ವಾಪಸ್ ಬಂದ್ರೆ ಗೊತ್ತಾಗತ್ತೆ. ಕ್ಲೌನ್ ಫಿಶ್ ಜೋಡಿ ಆ ಟಾರ್ಚ್ ಹವಳಾನೇ ಮನೆ ಮಾಡ್ಕೊಂಡಿದೆ. ಕ್ಲೌನ್ ಫಿಶ್ ಸಾಮಾನ್ಯವಾಗಿ ಮನೆ ಮಾಡ್ಕೊಳ್ಳೋ ಹೂವಿನ ಥರದ ಪ್ರಾಣಿ ಅನೆಮೊನಿ ಹಾಕಿಲ್ಲ ನಾವು, ಅದು ಜಾಗ ಬಿಟ್ಟು ನಡೆಯತ್ತೆ, ಸಿಕ್ಕ ಹವಳಾನೆಲ್ಲಾ ಕುಟುಕಿ ಸುಡತ್ತೆ, ಪಂಪಿಗೆ ಸಿಕ್ಕಿ ಸತ್ರೆ ಸಣ್ಣ ಟ್ಯಾಂಕ್ ಪೂರ್ತಿ ಹೋಗ್ಬಿಡತ್ತೆ. ಜೋಡೀಲಿ ದೊಡ್ಡದು ಹೆಣ್ಣು. ಕ್ಲೌನ್ ಫಿಶ್ ಎಲ್ಲಾ ಮೊದ್ಲು ಗಂಡಾಗೇ ಬೆಳೆಯತ್ವೆ, ಗುಂಪಲ್ಲಿ ಎಲ್ಲಕ್ಕಿಂತ ಮೇಲಿರೋದು ಹೆಣ್ಣಾಗತ್ತೆ, ಅದು ಹೋದ್ರೆ ಅದರ ಗಂಡು ಹೆಣ್ಣಾಗತ್ತೆ. ಇದನ್ನ ಬೋರ್ಡ್ ಮೇಲೆ ಬರೆದು ಹೇಳಿದ್ರೆ ಮಕ್ಕಳು ನಂಬಲ್ಲ. ಇಲ್ಲಿ ಚಿಕ್ಕದು ದೊಡ್ಡದರ ಹತ್ರ ಬಂದಾಗ ಮೈ ಓರೆ ಮಾಡಿ ಗಡಗಡ ನಡುಗೋದು ತೋರಿಸಿ, ನೀನೇ ದೊಡ್ಡೋಳು ಒಪ್ಕೊಂಡೆ ಅಂತ ಹೇಳೋ ರೀತಿ ಅದು ಅಂದ್ರೆ ಇಡೀ ಕ್ಲಾಸು ಗಾಜಿಗೆ ಮೂಗಿಟ್ಟು ನಿಲ್ಲತ್ತೆ.

ನನ್ನ ಗಮನ ಎಲ್ಲಕ್ಕಿಂತ ಜಾಸ್ತಿ ಹೋಗೋದು ಕೆಳಗಡೆ, ಎಡಗಡೆ ಬಂಡೆ ಬುಡಕ್ಕೆ. ಅಲ್ಲಿ ಒಂದು ಪಿಸ್ತೂಲ್ ಸೀಗಡಿ ಮತ್ತೆ ಒಂದು ಗೋಬಿ ಮೀನು ಒಂದೇ ಬಿಲದಲ್ಲಿ ಸಂಸಾರ ಮಾಡ್ತವೆ. ಸೀಗಡಿಗೆ ಕಣ್ಣು ಬಹಳ ಮಂದ, ಆದ್ರೆ ಅಗೆಯೋದ್ರಲ್ಲಿ ಅದನ್ನ ಮೀರಿಸೋರಿಲ್ಲ. ಮೀನಿಗೆ ಕಣ್ಣು ಚುರುಕು, ಅಗೆಯೋಕೆ ಬರಲ್ಲ. ಸೀಗಡಿ ಮರಳು ತಳ್ಕೊಂಡು ಬಿಲದ ಬಾಯಿಗೆ ಬರತ್ತೆ, ಹೊರಗೆ ಕಾಲಿಡೋ ಮುಂಚೆ ಅದರ ಒಂದು ಉದ್ದ ಮೀಸೆ ಮೀನಿನ ಬಾಲ ಮುಟ್ಟಿರ್ಬೇಕು, ಮುಟ್ಟೇ ಇರತ್ತೆ. ಮರಳು ಸುರಿದು ತಿರುಗೋವಾಗ ಮೀಸೆ ಬಿಟ್ಟೋದ್ರೆ ಇನ್ನೊಂದು ಮೀಸೆ ಹಿಂದಕ್ಕೆ ಚಾಚಿ ಬಾಲ ಹುಡುಕತ್ತೆ. ಯಾರಾದ್ರೂ ದಡಕ್ಕಂತ ಟ್ಯಾಂಕ್ ಹತ್ರ ಬಂದ್ರೆ ಗೋಬಿ ಬಾಲದ ತುದಿ ಪಟಪಟ ಅಲ್ಲಾಡಿಸತ್ತೆ, ಸೀಗಡಿ ಆ ಕ್ಷಣಕ್ಕೇ ಒಳಗೆ. ಇನ್ನೂ ಹತ್ರ ಬಂದ್ರೆ ಮೀನೂ ತಲೆಕೆಳಗಾಗಿ ಒಳಗೆ. ಇದನ್ನ ನೋಡ್ಬೇಕಾದ್ರೆ ಅಲುಗಾಡದೆ ಕೂರ್ಬೇಕು, ಸ್ವಲ್ಪ ಹೊತ್ತಲ್ಲ, ಆ ಮೀನಿಗೆ ನೀವು ಅಲ್ಲಿರೋದು ಅಭ್ಯಾಸ ಆಗೋವರೆಗೆ. ಒಂದು ನಿಮಿಷ ಸುಮ್ನೆ ಕೂರೋಕಾಗದ ಹುಡುಗ್ರು ಈ ಬಿಲದ ಮುಂದೆ ಕೂತು ಪಕ್ಕದೋನಿಗೆ ಅಲುಗಾಡ್ಬೇಡ್ವೋ ಅಂತ ಪಿಸುಗುಟ್ಟೋದನ್ನ ನಾನು ನೋಡಿದ್ದೀನಿ, ಅವರಿಗೆ ಯಾರೂ ಹೇಳಿಕೊಟ್ಟಿದ್ದಲ್ಲ ಅದು, ಅಲ್ಲಾಡಿದ್ರೆ ಏನೂ ಕಾಣಲ್ಲ ಅಂತ ಮೀನೇ ಕಲಿಸಿದ್ದು.

ಆ ಸೀಗಡಿ ಆಗಾಗ ಟಪ್ ಅಂತ ಸದ್ದು ಮಾಡತ್ತೆ, ಹೊಸದಾಗಿ ಕೇಳಿದೋರು ಗಾಜು ಬಿರುಕು ಬಿಡ್ತಾ ಅಂತ ಗಾಬರಿ ಆಗ್ತಾರೆ. ಅದರ ಇಕ್ಕಳದಂಥ ದೊಡ್ಡ ಕೊಂಡಿ ಎಷ್ಟು ಜೋರಾಗಿ ಮುಚ್ಚತ್ತೆ ಅಂದ್ರೆ ನೀರು ಚಿಮ್ಮಿ ಹಿಂದೆ ಒಂದು ಗುಳ್ಳೆ ಹುಟ್ಟತ್ತೆ, ಆ ಗುಳ್ಳೆ ಕುಸಿದಾಗ ಬರೋ ಸದ್ದು ಅದು, ಕೊಂಡಿ ಕೊಂಡಿಗೆ ತಾಗಿದ್ದಲ್ಲ. ಇದನ್ನ ಹೈ ಸ್ಪೀಡ್ ಕ್ಯಾಮರಾ ಇಟ್ಟು ವಿಜ್ಞಾನಿಗಳು ತೋರಿಸಿದ್ದು 2000ದಲ್ಲಿ, ಮಾರನೇ ವರ್ಷ ಆ ಗುಳ್ಳೆ ಕುಸಿಯೋವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಮಿಂಚು ಹೊಡೆಯತ್ತೆ ಅಂತಾನೂ ಕಂಡುಹಿಡಿದ್ರು. ಬೆರಳಿಗಿಂತ ಚಿಕ್ಕ ಪ್ರಾಣಿ ಇದು!

ಒಂದು ಭೂತಗನ್ನಡಿ ಇಟ್ಕೊಳ್ಳಿ, ಈ ಟ್ಯಾಂಕಿಗೆ ನಾನು ಸೇರಿಸಿದ ಅತಿ ಉಪಯುಕ್ತ ವಸ್ತು ಅದೇ. ಬಲಗಡೆ ಒಂಟಿ ಬಂಡೆ ಮೇಲೆ ಝೀನಿಯಾ ಅಂತ ಮೆತ್ತನೆ ಹವಳ ಇದೆ. ಅದರ ತಲೆಗಳು ಮಗು ಮುಷ್ಟಿ ಬಿಚ್ಚಿ ಮುಚ್ಚಿ ಮಾಡಿದ ಹಾಗೆ ಬಿಡುವಿಲ್ಲದೆ ಬಿಚ್ಚಿ ಮುಚ್ಚಿ ಆಗ್ತಾ ಇರತ್ವೆ, ಒಂದೊಂದು ತಲೆ ಒಂದೊಂದು ಲಯದಲ್ಲಿ. ಗಾಜಿಗೆ ಹತ್ರ ಇರೋ ಒಂದು ತಲೆ ಮೇಲೆ ಭೂತಗನ್ನಡಿ ಹಿಡಿದು ಪೂರ್ತಿ ಬಿಚ್ಚೋದನ್ನ ಕಾದ್ರೆ ಎಳೆಗಳನ್ನ ಎಣಿಸ್ಬಹುದು. ಎಂಟು. ಪ್ರತಿ ಎಳೆಯ ಎರಡೂ ಅಂಚಿಗೆ ಸಣ್ಣ ಸಣ್ಣ ಕವಲುಗಳು. ಎಷ್ಟು ತಲೆ ಎಣಿಸಿದ್ರೂ ಎಂಟೇ. ಮೆತ್ತನೆ ಹವಳಗಳ ಕುಲಕ್ಕೆ ಎಂಟರ ಲೆಕ್ಕ, ಗಟ್ಟಿ ಎಲುಬಿನ ಹವಳಗಳ ಕುಲಕ್ಕೆ ಆರು ಅಥವಾ ಆರರ ಮಡಿ. ಪುಸ್ತಕದಲ್ಲಿ ಒಂದು ಸಾಲು ಇದು, ಆದ್ರೆ ಒಂದು ಹುಡುಗಿ ಭೂತಗನ್ನಡಿ ಹಿಡ್ಕೊಂಡು ಎಣಿಸಿ, ತಪ್ಪಿ, ಮತ್ತೆ ಎಣಿಸಿ, ಮಿಸ್ ಇದಕ್ಕೂ ಎಂಟೇ ಅಂದಾಗ ಆ ಸಾಲಿಗೆ ಜೀವ ಬರೋದೇ ಬೇರೆ. ಯಾಕೆ ಹಿಂಗೆ ಬಿಚ್ಚಿ ಮುಚ್ಚಿ ಮಾಡತ್ತೆ ಅನ್ನೋದು ತುಂಬಾ ಕಾಲ ಒಗಟಾಗಿತ್ತು. ಕೆಂಪು ಸಮುದ್ರದಲ್ಲಿ ಇದರ ಹತ್ತಿರದ ಸಂಬಂಧಿ ಹೆಟೆರೋಝೀನಿಯಾ ಮೇಲೆ ಕೆಲಸ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರ ಸಿಕ್ತು, ಈ ಚಲನೆ ಮೈ ಸುತ್ತ ನಿಂತ ನೀರನ್ನ ಕಲಕಿ, ಒಳಗಿನ ಪಾಚಿ ತಯಾರಿಸಿದ ಆಮ್ಲಜನಕನ ಬೇಗ ಹೊರಗೆ ಹಾಕತ್ತೆ, ಅದರಿಂದ ಪಾಚಿ ಇನ್ನೂ ಜಾಸ್ತಿ ಊಟ ತಯಾರಿಸೋಕಾಗತ್ತೆ. ಝೀನಿಯಾ ಹಾಕೋರು ಒಂಟಿ ಬಂಡೆ ಮೇಲೇ ಹಾಕಿ, ಬಿಟ್ರೆ ಇಡೀ ಟ್ಯಾಂಕ್ ಅದೇ ಆಗ್ಬಿಡತ್ತೆ.

ಭೂತಗನ್ನಡಿ ಗಾಜಿಗೇ ಹಿಡಿದ್ರೆ ಇನ್ನೊಂದು ಲೋಕ. ಬರಿಗಣ್ಣಿಗೆ ಧೂಳಿನ ಚುಕ್ಕಿ ಥರ ಕಾಣೋದು ಸೀಗಡಿ ಬಳಗದ ಪುಟಾಣಿ ಕೋಪೆಪಾಡ್‌ಗಳು, ಕುಪ್ಪಳಿಸ್ತಾ ಪಾಚಿ ಕೆರೀತಾ ಹೋಗತ್ವೆ, ಕೆಲವಕ್ಕೆ ಹಿಂದೆ ಮೊಟ್ಟೆ ಚೀಲ ಸಹ ಕಾಣತ್ತೆ. ಬಂಡೆ ಮೇಲೆ ಕೊಳವೆ ಹುಳಗಳು, ಗರಿ ಬಿಚ್ಚಿಕೊಂಡು ನೀರಲ್ಲಿ ತೇಲೋದನ್ನ ಹಿಡಿದು ತಿನ್ನತ್ವೆ, ಲೈಟಿಗೂ ಅವಕ್ಕೂ ನಡುವೆ ಕೈ ಅಡ್ಡ ತಂದು ನೆರಳು ಬಿದ್ರೆ ಸಾಕು, ಗರಿ ಮಾಯ. ಸ್ವಲ್ಪ ಹೊತ್ತು ಬಿಟ್ಟು ನಿಧಾನಕ್ಕೆ ತುದಿ ತೋರಿಸಿ ಆಮೇಲೆ ಪೂರ್ತಿ ಅರಳತ್ತೆ. ಮತ್ತೆ ಮತ್ತೆ ನೆರಳು ಹಾಕಿದ್ರೆ ಹೆದರೋದು ಕಮ್ಮಿ ಆಗತ್ತಾ ಅಂತ ನಮ್ಮ ಮಕ್ಕಳೇ ಕೇಳಿ, ಅವರೇ ನೋಡಿ, ಅವರೇ ನೋಟ್‌ಬುಕ್ಕಲ್ಲಿ ಬರ್ಕೊಂಡ್ರು. ನಿಜವಾದ ಸೈನ್ಸ್ ಅಂದ್ರೆ ಅದೇ ಅಲ್ವಾ.

ಊಟದ ಹೊತ್ತು ಮರಳು ನೋಡಿ, ಮೀನು ನೋಡ್ಬೇಡಿ. ನೀರಿಗೆ ಆಹಾರ ಬಿದ್ದ ಸ್ವಲ್ಪ ಹೊತ್ತಿಗೆ ಮರಳಿಂದ ಒಂದು ಸಣ್ಣ ಸೊಂಡಿಲು ಏಳತ್ತೆ, ಪಕ್ಕದಲ್ಲಿ ಇನ್ನೊಂದು, ಆಮೇಲೆ ನೋಡಿದ್ರೆ ನೆಲದ ತುಂಬಾ ಎದ್ದಿರತ್ತೆ, ಅದು ನಸ್ಸಾರಿಯಸ್ ಬಸವನಹುಳುಗಳು, ದಿನವಿಡೀ ಮರಳೊಳಗೆ ಹೂತ್ಕೊಂಡಿದ್ದು ವಾಸನೆ ಹಿಡಿದು ಎದ್ದು ಬಸವನಹುಳು ಅಂತ ನಂಬೋಕಾಗದ ವೇಗದಲ್ಲಿ ಹೊರಡತ್ವೆ. ಬಂಡೆ ಸಂದಿಯಿಂದ ನಕ್ಷತ್ರ ಮೀನಿನ ನೆಂಟ ಬ್ರಿಟಲ್ ಸ್ಟಾರ್ ತೋಳು ಮಾತ್ರ ಹೊರಗೆ ಬರತ್ತೆ, ಮೈ ಬರಲ್ಲ. ಕ್ಲೀನರ್ ಸೀಗಡಿಯಂತೂ ಹವಳದ ಬಾಯಿಂದಲೇ ಕಿತ್ಕೊಳ್ಳತ್ತೆ. ಅದು ಆಗಾಗ ಹಳೇ ಚಿಪ್ಪು ಕಳಚತ್ತೆ, ಮೀಸೆ ಕಾಲು ಕಣ್ಣಿನ ಪೊರೆ ಸಮೇತ ಇಡೀ ಸೀಗಡಿ ಆಕಾರದ ಖಾಲಿ ಚಿಪ್ಪು ಬೆಳಗ್ಗೆ ಮರಳ ಮೇಲೆ ಬಿದ್ದಿರತ್ತೆ, ಮಿಸ್ ಸೀಗಡಿ ಸತ್ತೋಯ್ತು ಅಂತ ಒಬ್ಬ ಓಡಿ ಬರ್ತಾನೆ, ಬಂಡೆ ಹಿಂದೆ ನೋಡೋ ಪುಟ್ಟ ಅಂತ ಕಳಿಸ್ತೀನಿ, ಹೊಸ ಚಿಪ್ಪು ಗಟ್ಟಿಯಾಗೋವರೆಗೆ ಅಲ್ಲಿ ಬಚ್ಚಿಟ್ಕೊಂಡಿರತ್ತೆ.

ಲೈಟ್ ಆರಿದ ಮೇಲೆ ನೋಡೋ ಅವಕಾಶ ಇದ್ರೆ ಕೆಂಪು ಟಾರ್ಚ್ ತಗೊಳ್ಳಿ, ಇಲ್ಲಿರೋ ತುಂಬಾ ಜೀವಿಗಳು ಕೆಂಪು ಬೆಳಕನ್ನ ಅಷ್ಟಾಗಿ ಗಮನಿಸಲ್ಲ. ಬಿರುಗೂದಲ ಹುಳಗಳು ಆಗ ಆಚೆ ಬರತ್ವೆ. ಟಾರ್ಚ್ ಹವಳ ಹಗಲಲ್ಲಿ ಕಾಣದ ಉದ್ದುದ್ದ ಎಳೆಗಳನ್ನ ಬಿಟ್ಟು ಪಕ್ಕದೋರು ಯಾರಿದ್ದಾರೆ ಅಂತ ತಡಕತ್ತೆ, ಸಿಕ್ಕಿದ್ರೆ ಸುಡತ್ತೆ. ಹಗಲಲ್ಲಿ ನೋಡಿ ಇಷ್ಟು ಜಾಗ ಸಾಕು ಅಂತ ಹವಳ ಅಂಟಿಸೋರು ಒಂದು ರಾತ್ರಿ ಇದನ್ನ ನೋಡಿ ಆಮೇಲೆ ಅಂಟಿಸ್ಲಿ. ಮನೇಲಿ ಇಟ್ಕೊಂಡೋರಿಗೆ ಈ ರಾತ್ರಿ ಭಾಗ ಬೋನಸ್, ಕ್ಲಾಸ್‌ರೂಮಲ್ಲಿ ಕಷ್ಟ, ಆದ್ರೆ ಲೈಟಿನ ಟೈಮ್ ಮುಂದಕ್ಕೆ ಹಾಕಿ ಬೆಳಗ್ಗೆ ಮೊದಲ ಪೀರಿಯಡ್ ಕತ್ತಲಾಗಿಟ್ಟು ಕಿಟಕಿ ಪರದೆ ಎಳೆದು ಒಂದಿಷ್ಟು ತೋರಿಸ್ಬಹುದು, ನಾವು ಆಗಾಗ ಹಾಗೇ ಮಾಡ್ತೀವಿ.

ಹೀಗೆ ನೋಡ್ತಾ ಕೂರೋದ್ರಿಂದ ಏನಾಗತ್ತೆ ಅಂತ ಅಳೆದೋರೂ ಇದ್ದಾರೆ. 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಲ್ಲು ಕೀಳಿಸ್ಕೊಳ್ಳೋಕೆ ಬಂದೋರನ್ನ ಮೊದ್ಲು ಅಕ್ವೇರಿಯಂ ಮುಂದೆ ಕೂರಿಸಿ ನೋಡಿದ್ರು, ಅವರ ಆತಂಕ ಕಮ್ಮಿ ಆಯ್ತು. ಇಂಗ್ಲೆಂಡಿನ ಪ್ಲಿಮತ್‌ನ ನ್ಯಾಷನಲ್ ಮರೀನ್ ಅಕ್ವೇರಿಯಂನಲ್ಲಿ ಒಂದು ದೊಡ್ಡ ಟ್ಯಾಂಕ್ ಖಾಲಿ ಮಾಡಿ ಹಂತ ಹಂತವಾಗಿ ಮತ್ತೆ ಮೀನು ಬಿಡ್ತಿದ್ದಾಗ ನೋಡೋಕೆ ಬಂದೋರ ಎದೆ ಬಡಿತ ಅಳೆದ್ರು, ಜೀವಿಗಳು ಹೆಚ್ಚಾದಷ್ಟೂ ಜನ ಜಾಸ್ತಿ ಹೊತ್ತು ನಿಂತ್ರು, ಬಡಿತ ನಿಧಾನ ಆಯ್ತು. ನನಗೆ ಅದಕ್ಕಿಂತ ದೊಡ್ಡದು ಅನ್ಸೋದು ಇನ್ನೊಂದು. ಈ ಟ್ಯಾಂಕ್ ಮುಂದೆ ಕೂತಾಗ ಮನಸ್ಸು ಖಾಲಿ ಆಗಲ್ಲ, ತುಂಬ್ಕೊಳ್ಳತ್ತೆ. ಆ ಹುಳ ಎಲ್ಲೋಯ್ತು, ಆ ಏಡಿ ಯಾಕೆ ಆ ಚಿಪ್ಪು ಬಿಟ್ಟು ಈ ಚಿಪ್ಪು ಹಿಡೀತು, ನಿನ್ನೆ ಇಲ್ಲಿದ್ದ ಮರಳಿನ ದಿಬ್ಬ ಯಾರು ಸರಿಸಿದ್ರು, ಒಂದಕ್ಕೆ ಉತ್ತರ ಸಿಗೋದ್ರೊಳಗೆ ಇನ್ನೆರಡು ಹುಟ್ಟತ್ತೆ, ಬೆಲ್ ಹೊಡೆದಿದ್ದು ಗೊತ್ತಾಗಲ್ಲ.

ನಿರ್ವಹಣೆ ಬಗ್ಗೆ ಚುಟುಕಾಗಿ. ಉಷ್ಣತೆ 25, 26 ಡಿಗ್ರಿ, ಉಪ್ಪು ಸಾವಿರಕ್ಕೆ 35 ಭಾಗ, ಆಲ್ಕಲಿನಿಟಿ ಅಂದ್ರೆ ನೀರಿನ ಕ್ಷಾರದ ಅಳತೆ 8-9 ಡಿಕೆಎಚ್, ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂ ಆಸುಪಾಸು, ಇವು ಎಷ್ಟಿದೆ ಅನ್ನೋದಕ್ಕಿಂತ ಮೇಲೆ ಕೆಳಗೆ ಆಗದೆ ನಿಲ್ಲೋದು ಮುಖ್ಯ, ನೀರು ಕಮ್ಮಿ ಇರೋ ಟ್ಯಾಂಕಲ್ಲಿ ಎಲ್ಲಾ ಬೇಗ ಏರುಪೇರಾಗತ್ತೆ. ಆರ್‌ಓ ಡಿಐ ನೀರು, ಅಂದ್ರೆ ಲವಣ ಎಲ್ಲಾ ಸೋಸಿ ತೆಗೆದ ನೀರು ಬಿಟ್ರೆ ಬೇರೆ ಬೇಡ. ವಾರವಾರ ಹತ್ತು ಲೀಟರ್ ಬದಲಾಯಿಸಿದ್ರೆ ಇಷ್ಟು ಹವಳಕ್ಕೆ ಸಾಕಾಗತ್ತೆ. ಶುರುವಿನ ಕೆಲವು ವಾರ ಮೀನಿಲ್ಲದೆ ಬ್ಯಾಕ್ಟೀರಿಯಾ ಬೆಳೆಯೋಕೆ ಬಿಡ್ಬೇಕು, ಅಮೋನಿಯಾನ ನೈಟ್ರೈಟ್ ಮಾಡೋವು ಒಂದಿಷ್ಟು, ನೈಟ್ರೈಟನ್ನ ನೈಟ್ರೇಟ್ ಮಾಡೋವು ಇನ್ನೊಂದಿಷ್ಟು. ಆಮೇಲೆ ಕಂದು ಬಣ್ಣದ ಡಯಾಟಮ್ ಅನ್ನೋ ಸೂಕ್ಷ್ಮ ಪಾಚಿ, ಅದರ ಹಿಂದೆ ಕೂದಲು ಪಾಚಿ ಬರತ್ತೆ, ನೋಡೋಕೆ ಅಸಹ್ಯ ಅಂತ ಎಲ್ರೂ ಈ ಹಂತಾನ ಬೈತಾರೆ, ಆದ್ರೆ ಪಾಚಿ ನೋಡೋದೂ ನೋಡೋದೇ, ಬಸವನಹುಳು ಗಾಜಿನ ಮೇಲೆ ತಿಂದು ಹೋದ ದಾರಿ ವಂಕಿವಂಕಿಯಾಗಿ ಎಷ್ಟು ಸ್ಪಷ್ಟ ಕಾಣತ್ತೆ ಗೊತ್ತಾ. ಗಾಜು ಒರೆಸೋ ಮ್ಯಾಗ್ನೆಟ್ ಮರಳಿಗೆ ತಾಗಿಸ್ಬೇಡಿ, ಒಂದು ಕಣ ಸಿಕ್ಕಿಕೊಂಡ್ರೆ ಗೀರು ಶಾಶ್ವತ, ನೋಡೋರಿಗೆ ಅದಕ್ಕಿಂತ ಶಿಕ್ಷೆ ಇಲ್ಲ.

ಮುಚ್ಚಳ ಕೊಟ್ಟಿಲ್ಲ, ಇದು ದೊಡ್ಡ ಕೊರತೆ, ಗೋಬಿ ಮೀನುಗಳು ಹಾರತ್ವೆ, ಜಾಲರಿ ಮುಚ್ಚಳ ಬೇರೆ ತಗೊಳ್ಳೇಬೇಕು. ಕ್ಲಾಸ್‌ರೂಮಿಗೆ ಅಂದ್ರೆ ಇನ್ನೆರಡು ಮಾತು. ವೈರುಗಳು ಪ್ಲಗ್ಗಿಗಿಂತ ಕೆಳಗೆ ಒಂದು ಸುತ್ತು ಇಳಿದು ಆಮೇಲೆ ಮೇಲೆ ಹೋಗೋ ಹಾಗಿರ್ಲಿ, ನೀರು ಜಾರಿ ಪ್ಲಗ್ಗಿಗೆ ಹೋಗ್ಬಾರ್ದು. ಝೋವಾಂತಿಡ್ ಕುಲದ ಕೆಲವದ್ರಲ್ಲಿ ಪ್ಯಾಲಿಟಾಕ್ಸಿನ್ ಅನ್ನೋ ತೀವ್ರ ವಿಷ ಇರತ್ತೆ, ಮಕ್ಕಳು ಟ್ಯಾಂಕೊಳಗೆ ಕೈ ಹಾಕೋದೇ ಬೇಡ, ದೊಡ್ಡೋರು ಕೈಗವಸು ಕನ್ನಡಕ ಹಾಕ್ಕೊಂಡು ಹಾಕಿ, ಆ ಬಂಡೆಗಳನ್ನ ಯಾವ ಕಾರಣಕ್ಕೂ ಬಿಸಿನೀರಲ್ಲಿ ಕುದಿಸ್ಬಾರ್ದು. ಗಟ್ಟಿ ಹವಳಗಳೆಲ್ಲಾ ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸೋ ಸೈಟಿಸ್ ಒಪ್ಪಂದದ ಎರಡನೇ ಪಟ್ಟೀಲಿ ಇವೆ, ಕೆಲವು ಕಡೆ ಮನೇಲಿ ಇಟ್ಕೊಳ್ಳೋದಕ್ಕೇ ನಿಷೇಧ ಇದೆ, ನೀವಿರೋ ಕಡೆ ಕಾನೂನು ಏನು ಅಂತ ಮೊದ್ಲು ತಿಳ್ಕೊಳ್ಳಿ, ಆಮೇಲೆ ಟ್ಯಾಂಕ್. ಅನುಮತಿ ಇದ್ರೂ ಸಮುದ್ರದಿಂದ ಕಿತ್ತಿದ್ದು ಬೇಡ, ಟ್ಯಾಂಕಲ್ಲೇ ಬೆಳೆಸಿ ಕತ್ತರಿಸಿದ ತುಂಡುಗಳು ಸಿಗತ್ವೆ, ಕ್ಲೌನ್ ಫಿಶ್ ಅಂತೂ ಸಾಕಣೆಯಲ್ಲೇ ಹುಟ್ಟಿದ್ದು ಧಾರಾಳ ಸಿಗತ್ತೆ. ಸಮುದ್ರದ ಹವಳಗಳು ನೀರು ಬಿಸಿಯಾಗಿ ಒಳಗಿನ ಪಾಚಿ ಕಳ್ಕೊಂಡು ಬಿಳಿಚಿ ಸಾಯ್ತಿರೋ ಕಾಲ ಇದು, ನಮ್ಮ ಕಣ್ಣಿನ ಸಂತೋಷಕ್ಕೆ ಅಲ್ಲಿಂದ ಇನ್ನೊಂದು ಕೀಳೋದು ನನಗಂತೂ ಒಪ್ಪಿಗೆ ಇಲ್ಲ.

ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಅಂಕ ಕಟ್ ಮಾಡಿದ್ದು ಪಂಪಿನ ಸದ್ದಿಗೆ, ಇಲ್ಲದ ಮುಚ್ಚಳಕ್ಕೆ ಮತ್ತೆ ಆ ಆ್ಯಪಿಗೆ. ಈ ವಾರ ಕ್ಲೌನ್ ಜೋಡಿ ಟಾರ್ಚ್ ಹವಳದ ಪಕ್ಕದ ಬಂಡೇನ ಬಾಯಲ್ಲಿ ಕಚ್ಚಿ ಕಚ್ಚಿ ಸ್ವಚ್ಛ ಮಾಡ್ತಿದೆ, ಮೊಟ್ಟೆ ಇಡೋ ಮುಂಚೆ ಹಾಗೆ ಮಾಡತ್ವೆ. ಇಟ್ರೆ ಮೊದ್ಲು ಕಿತ್ತಳೆ ಬಣ್ಣ ಇರತ್ತೆ, ದಿನ ಕಳೆದಂಗೆ ಪ್ರತಿ ಮೊಟ್ಟೆಯೊಳಗೆ ಬೆಳ್ಳಿ ಬಣ್ಣದ ಎರಡು ಕಣ್ಣು ಕಾಣೋಕೆ ಶುರುವಾಗತ್ತೆ, ಗಂಡು ರೆಕ್ಕೆಯಿಂದ ನೀರು ಬೀಸ್ತಾ ಕಾವಲು ಕಾಯತ್ತೆ, ವಾರ ಹತ್ತು ದಿನದಲ್ಲಿ ಲೈಟ್ ಆರಿದ ಮೇಲೆ ಒಡೀತವೆ. ಇಟ್ಟಿದ್ದೇ ಆದ್ರೆ ಭೂತಗನ್ನಡಿ ಸರದಿಗೆ ಪಟ್ಟಿ ಮಾಡ್ಬೇಕಾಗತ್ತೆ, ಈಗಲೇ ಮಕ್ಕಳು ಹೆಸರು ಕೊಡೋಕೆ ಶುರು ಮಾಡಿದ್ದಾರೆ. ಅಪ್ಡೇಟ್ ಇಲ್ಲೇ ಹಾಕ್ತೀನಿ.